ನ್ಯಾಸದ ಹಣ

ಸತ್ಯಾಣುವ್ರತಕ್ಕೆ ದೋಷ ತರುವ ಐದು ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವೂ ಒಂದೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಎಣಿಸಿದ್ದಾರೆ. ನಂಬಿಕೆಯಿಂದ ಇನ್ನೊಬ್ಬರ ವಶದಲ್ಲಿ ಇರಿಸಿದ ಹಣ ಅಥವಾ ಒಡವೆಯೇ ನ್ಯಾಸ. ಇಟ್ಟವನು ತಾನು ಇಟ್ಟದ್ದೆಷ್ಟು ಎಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಟ್ಟು ಉಳಿದುದನ್ನು ತನ್ನಲ್ಲಿಯೇ ಇರಿಸಿಕೊಳ್ಳುವುದು ನ್ಯಾಸಾಪಹಾರವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಇಲ್ಲಿ ಬೀಗ ಒಡೆದವರಿಲ್ಲ, ತಕ್ಕಡಿ ತಿರುಚಿದವರಿಲ್ಲ; ಕೇಳಿದಷ್ಟನ್ನು ಕೊಟ್ಟೂ ಆಗಿದೆ. ಆದರೂ ಆಚಾರ್ಯರು ಇದನ್ನು ದೋಷವೆಂದರು. ಅದೂ ಅಚೌರ್ಯದ ಪ್ರಕರಣದಲ್ಲಲ್ಲ, ಸತ್ಯದ ಪ್ರಕರಣದಲ್ಲಿ. ವ್ಯಾಪಾರಸ್ಥರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಅಂಗಡಿಯ ಪೆಟ್ಟಿಗೆಯಲ್ಲಿರುವ ಹಣವೆಲ್ಲವೂ ಅಂಗಡಿಯವನದಲ್ಲ.

ಇದು ಪೇಟೆಯ ವಿಷಯವೆಂದು ತೋರಬಹುದು. ಆದರೆ ಒಂದು ದಾಂಪತ್ಯ ಮುರಿದಾಗ ಇದೇ ಪ್ರಶ್ನೆ ಮನೆಯೊಳಕ್ಕೆ ಬರುತ್ತದೆ. ಶ್ರಾವಕ ಕುಟುಂಬಗಳಲ್ಲಿ ವಿಚ್ಛೇದನ ಈಗ ಅಪೂರ್ವವಾದ ಸಂಗತಿಯಲ್ಲ. ಅಪೂರ್ವವಾದುದು ಅದರ ಕುರಿತು ನಡೆಯುವ ಪ್ರಾಮಾಣಿಕ ಮಾತು. 1955ರ ಹಿಂದೂ ವಿವಾಹ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ ಎಂಬುದು ಎಷ್ಟೋ ಜನರಿಗೆ ತಿಳಿಯುವುದು ವಕೀಲರ ಕಚೇರಿಯ ಬೆಂಚಿನ ಮೇಲೆ ಕುಳಿತಾಗಲೇ. ಹಿರಿಯರು ಸೇರುತ್ತಾರೆ, ತಪ್ಪು ಯಾರದೆಂಬುದನ್ನು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಹಣದ ಮಾತು ಕಡೆಯ ಅರ್ಧ ಗಂಟೆಯಲ್ಲಿ, ಎಲ್ಲರೂ ದಣಿದ ಮೇಲೆ, ಮುಗಿಯುತ್ತದೆ. ಅಂಗಡಿಯ ಪಾಲುದಾರಿಕೆ ಮುರಿಯುವಾಗ ಹಾಗೆ ಮಾಡುವವರು ಒಬ್ಬರೂ ಇರಲಾರರು.

ಹುಬ್ಬಳ್ಳಿಯ ಒಬ್ಬ ಶ್ರಾವಿಕೆಯ ಸಂಗತಿಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಬಹುದು. ಆಕೆಯ ಹೆಸರು ಅನಾವಶ್ಯಕ. ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. 2021ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು; ಆಗ ಮಗಳಿಗೆ ಐದು ವರ್ಷ. ಒಪ್ಪಂದದ ಕಾಗದದಲ್ಲಿ ಒಂದು ವಾಕ್ಯವಿತ್ತು: ತಾನಾಗಲಿ ತನ್ನ ಮಗಳಾಗಲಿ ಮುಂದೆ ಯಾವ ಕಾಲಕ್ಕೂ ಯಾವ ಹಣವನ್ನೂ ಕೇಳುವುದಿಲ್ಲ ಎಂದು. ಆಕೆ ಓದಿಯೇ ಸಹಿ ಮಾಡಿದಳು. “ಅವರ ದುಡ್ಡು ನಮಗ ಬ್ಯಾಡ” ಎಂದು ಆಕೆಯ ತಾಯಿಯೂ ಹೇಳಿದ್ದರು. ಸೇರಿದ್ದ ಹಿರಿಯರು ಇದನ್ನು ದೊಡ್ಡ ತ್ಯಾಗವೆಂದು ಕೊಂಡಾಡಿದರು. ಒಬ್ಬರು ಅಪರಿಗ್ರಹದ ಮಾತನ್ನೂ ತಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತ್ಯಾಗವೆಂಬುದು ತನ್ನದಾದ ವಸ್ತುವಿನ ಮೇಲೆ ಮಾತ್ರ ಸಾಧ್ಯ. ದಾನಕ್ಕೆ ಯೋಗ್ಯವಾದುದು ನ್ಯಾಯೋಪಾತ್ತ ಧನ, ಎಂದರೆ ನ್ಯಾಯದಿಂದ ಗಳಿಸಿದ ಸ್ವಂತ ಧನವೆಂದು ಶ್ರಾವಕಾಚಾರ ಬಲ್ಲವರೆಲ್ಲರೂ ಒಪ್ಪುತ್ತಾರೆ. ನೆರೆಯವನ ಹೊಲದ ಜೋಳವನ್ನು ಆಹಾರದಾನ ಮಾಡಿದರೆ ಅದು ದಾನವಾಗುವುದಿಲ್ಲ. ಆಕೆ ತನ್ನ ಜೀವನಾಂಶವನ್ನು ಬಿಟ್ಟುಕೊಟ್ಟದ್ದು ಆಕೆಯ ಇಚ್ಛೆ, ಅದರ ಗೌರವ ಆಕೆಗೆ ಸಲ್ಲಲಿ. ಆದರೆ ಮಗಳ ಅನ್ನ, ವಸತಿ, ವಿದ್ಯೆಗಳಿಗೆ ತಂದೆಯಿಂದ ಬರಬೇಕಾದ ಹಣ ಮಗಳದು. ಐದು ವರ್ಷದ ಕೂಸಿಗೆ ತನ್ನದು ಎಷ್ಟೆಂದು ತಿಳಿಯದು, ಕೇಳಲೂ ಬಾರದು. ತಿಳಿದ ಇಬ್ಬರು ಹಿರಿಯರು ಕೂಡಿ ‘ಅಷ್ಟೇ’ ಎಂದು ಬರೆದುಕೊಂಡರೆ ಅದನ್ನು ಏನೆಂದು ಕರೆಯಬೇಕು? ಆಚಾರ್ಯರು ಕೊಟ್ಟ ಹೆಸರು ಮೊದಲೇ ಬಂದಿದೆ.

ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಪ್ರಕರಣದಂತೆ ಅಪ್ರಾಪ್ತ ಮಕ್ಕಳ ಪೋಷಣೆ ತಂದೆ ತಾಯಿ ಇಬ್ಬರ ಹೊಣೆ. ತಾಯಿ ಒಪ್ಪಂದದಲ್ಲಿ ಬಿಟ್ಟುಕೊಟ್ಟ ಮಾತ್ರಕ್ಕೆ ಮಗುವಿನ ಹಕ್ಕು ಅಳಿಯುವುದಿಲ್ಲವೆಂದು ನ್ಯಾಯಾಲಯಗಳು ಹೇಳಿವೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣದಲ್ಲಿದ್ದ ಪರಿಹಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣಕ್ಕೆ ಬಂದಿದೆ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೀವನಾಂಶದ ವ್ಯಾಜ್ಯದಲ್ಲಿ ಎರಡೂ ಕಡೆಯವರು ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಹಣ ಸಲ್ಲಬೇಕೆಂದೂ ವಿಧಿಸಿತು. ಹೆಂಡತಿ ದುಡಿಯುತ್ತಾಳೆ ಎಂಬುದೊಂದೇ ಆಕೆಯ ಜೀವನಾಂಶವನ್ನು ನಿರಾಕರಿಸಲು ಕಾರಣವಾಗದು. ತಾಯಿಗೆ ಸಾಕಷ್ಟು ಗಳಿಕೆಯಿದ್ದರೆ ಮಕ್ಕಳ ಖರ್ಚನ್ನು ಇಬ್ಬರೂ ತಮ್ಮ ತಮ್ಮ ಆದಾಯದ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು ಎಂದೂ ಆ ತೀರ್ಪು ಹೇಳುತ್ತದೆ.

ಆದರೆ ಆಕೆಯ ಮುಂದಿದ್ದ ಕಷ್ಟ ಕಾನೂನಿನದಾಗಿರಲಿಲ್ಲ. 2023ರಲ್ಲಿ ಮಗಳ ಪರವಾಗಿ ಅರ್ಜಿ ಹಾಕಬೇಕೆಂದು ಯೋಚಿಸಿದಾಗ ಸ್ವಂತ ಮನೆಯವರೇ ಕೇಳಿದರು: ಬರೆದುಕೊಟ್ಟು ಮತ್ತೆ ಕೇಳುವುದು ಮಾತಿಗೆ ತಪ್ಪಿದಂತಲ್ಲವೇ? ಸತ್ಯವ್ರತ ಎಲ್ಲಿ ಉಳಿಯಿತು? ಪ್ರಶ್ನೆ ಹಗುರವಾದುದಲ್ಲ. ನಷ್ಟವಾದರೂ ಕೊಟ್ಟ ಮಾತು ಉಳಿಸಿಕೊಂಡ ವರ್ತಕರ ಹೆಸರು ಪೇಟೆಯಲ್ಲಿ ತಲೆಮಾರುಗಳವರೆಗೆ ನಿಲ್ಲುತ್ತದೆ. ಆಕೆ ಇದಕ್ಕೆ ಉತ್ತರ ಕಂಡುಕೊಳ್ಳಲು ಮೂರು ತಿಂಗಳು ತೆಗೆದುಕೊಂಡಳು. ಕೊನೆಗೆ ತನಗಾಗಿ ಒಂದು ರೂಪಾಯಿಯನ್ನೂ ಕೇಳದೆ, ಮಗಳಿಗಾಗಿ ಮಾತ್ರ ಕೇಳಿದಳು. ತನ್ನ ಮಾತನ್ನು ಉಳಿಸಿಕೊಂಡಳು. ಕೊಡಲು ತನಗೆ ಅಧಿಕಾರವೇ ಇರದಿದ್ದ ಮಾತನ್ನು ಹಿಂದಕ್ಕೆ ಪಡೆದಳು. ಇನ್ನೊಬ್ಬರ ಅಡವಿನ ಒಡವೆಯನ್ನು ಅರಿಯದೆ ಮಾರಲು ಒಪ್ಪಿದ ವರ್ತಕ, ಅರಿತ ಮೇಲೆ ಆ ಮಾತನ್ನು ಮುರಿಯಲೇಬೇಕಲ್ಲವೇ?

ತಂದೆಯಾದವನು ದುಷ್ಟನೇನಲ್ಲ ಎಂಬುದನ್ನೂ ಹೇಳಬೇಕು. ಆತನ ಅಂಗಡಿ ಎರಡು ವರ್ಷ ನಷ್ಟದಲ್ಲಿತ್ತು. ಕೇಳದೆ ಇದ್ದುದರಿಂದ ಬೇಡವೆಂದೇ ತಿಳಿದಿದ್ದ. ಆದರೆ ಮೊದಲು ಸಲ್ಲಿಸಿದ ಪ್ರಮಾಣಪತ್ರದಲ್ಲಿ ಆದಾಯವನ್ನು ಕಡಿಮೆ ತೋರಿಸಿದ್ದ. ಜಿ.ಎಸ್.ಟಿ. ಪತ್ರಗಳೊಡನೆ ತಾಳೆ ನೋಡಿದಾಗ ಅದು ಬಯಲಾಯಿತು. ಸತ್ಯಾಣುವ್ರತದ ಅದೇ ಐದು ಅತಿಚಾರಗಳ ಪಟ್ಟಿಯಲ್ಲಿ ‘ಕೂಟಲೇಖಕ್ರಿಯೆ’, ಎಂದರೆ ಸುಳ್ಳು ಲೆಕ್ಕ ಬರೆಯುವುದು, ನ್ಯಾಸಾಪಹಾರದ ಪಕ್ಕದಲ್ಲಿಯೇ ಕುಳಿತಿದೆ. ಎರಡನ್ನೂ ಒಟ್ಟಿಗೆ ಇರಿಸಿದವರು ಗೃಹಸ್ಥರ ವ್ಯವಹಾರವನ್ನು ಹತ್ತಿರದಿಂದ ಕಂಡಿರಬೇಕು. ಕುಟುಂಬ ನ್ಯಾಯಾಲಯದ ಮಧ್ಯಸ್ಥಿಕೆಯಲ್ಲಿ ತಿಂಗಳಿಗೆ 9,000 ರೂ., ಪ್ರತಿ ಜೂನ್ ತಿಂಗಳಿನಲ್ಲಿ 500 ರೂ. ಏರಿಕೆ ಎಂದು ನಿಶ್ಚಯವಾಯಿತು.

ಇನ್ನು ಆ ಹಣವನ್ನು ಆಕೆ ನಡೆಸಿಕೊಂಡು ಬಂದ ರೀತಿ. ಮಗಳ ಹಣಕ್ಕಾಗಿಯೇ ಬೇರೆ ಉಳಿತಾಯ ಖಾತೆ, ಬೇರೆ ನೋಟುಪುಸ್ತಕ. ಬಂದದ್ದೆಲ್ಲ ಎಡಕ್ಕೆ, ಖರ್ಚಾದದ್ದೆಲ್ಲ ಬಲಕ್ಕೆ, ಪಾವತಿ ಚೀಟಿಗಳು ಹಿಂಬದಿಯ ಲಕೋಟೆಯಲ್ಲಿ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಗೆ ಲೆಕ್ಕದ ಒಂದು ಪ್ರತಿಯನ್ನು ಮಗಳ ತಂದೆಗೆ ಅಂಚೆಯಲ್ಲಿ ಕಳುಹಿಸುತ್ತಾಳೆ. ಹಾಗೆ ಮಾಡಬೇಕೆಂದು ನ್ಯಾಯಾಲಯ ಹೇಳಿಲ್ಲ. ದೇವದ್ರವ್ಯವನ್ನು ಮನೆಯ ಖರ್ಚಿಗೆ ಬೆರೆಸಬಾರದೆಂದು ಬಸದಿಯ ಟ್ರಸ್ಟಿಗಳ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆಕೆಯ ಅಜ್ಜ ಬಹುಕಾಲ ಬಸದಿಯ ಲೆಕ್ಕ ಬರೆದವರು. ಲೆಕ್ಕ ತಲುಪಲಾರಂಭಿಸಿದ ಮೇಲೆಯೂ ಹಣ ಎರಡು ಬಾರಿ ತಡವಾಗಿ ಬಂದಿದೆ. ಆದರೆ ‘ನನ್ನ ದುಡ್ಡಿನಲ್ಲಿ ಅವಳು ಜೀವನ ಮಾಡುತ್ತಾಳೆ’ ಎಂಬ ಮಾತು ಬಂಧುಗಳ ನಡುವೆ ನಿಂತುಹೋಗಿದೆ.

ಒಂದು ವಿಷಯದಲ್ಲಿ ಮಾತ್ರ ಆಕೆಯ ಶಿಸ್ತು ಅತಿಯಾಯಿತೆನ್ನಬೇಕು. ಮನೆ ಬಾಡಿಗೆಯಲ್ಲಿ ಒಂದು ಪೈಸೆಯನ್ನೂ ಮಗಳ ಖಾತೆಗೆ ಹಾಕುವುದಿಲ್ಲ. ‘ಮನೆ ನನಗೂ ಬೇಕಲ್ಲ’ ಎಂಬುದು ಆಕೆಯ ವಾದ. ಒಂಟಿಯಾಗಿದ್ದರೆ ತವರಿನಲ್ಲಿಯೋ ಮಹಿಳಾ ವಸತಿನಿಲಯದಲ್ಲಿಯೋ ಇರಬಹುದಾಗಿದ್ದವಳು ಮಗಳ ಶಾಲೆಗಾಗಿ ಅಲ್ಲಿ ಮನೆ ಮಾಡಿದ್ದಾಳೆ. ಬಾಡಿಗೆಯ ಅರ್ಧವನ್ನು ಮಗಳ ಲೆಕ್ಕಕ್ಕೆ ಬರೆದರೆ ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಲಾರ. ನ್ಯಾಸವನ್ನು ಕಾಯುವವನು ತನ್ನ ಕೈಯಿಂದ ಕಳೆದುಕೊಳ್ಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಆಕೆಯ ಸಂಸಾರದ ಲೆಕ್ಕವನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಮಗಳ ಹಣ ಬರುವುದಕ್ಕೆ ಮುನ್ನ, 2023ರ ಆರಂಭದಲ್ಲಿ, ಭವಿಷ್ಯನಿಧಿಯ ಕಡಿತವಾಗಿ ಕೈಗೆ ಬರುತ್ತಿದ್ದ ಸಂಬಳ 34,000 ರೂ. ಬಾಡಿಗೆ 9,000, ಕಾಳುಕಡಿ, ಹಾಲು, ಕಾಯಿಪಲ್ಲೆ 7,500, ವಿದ್ಯುತ್ತು, ನೀರು, ಅಡುಗೆ ಅನಿಲ, ದೂರವಾಣಿ 1,800, ಮಗಳ ಶಾಲೆಯ ವಾಹನ 1,500, ತನ್ನ ಬಸ್ಸಿನ ಖರ್ಚು 900, ಔಷಧ ಮತ್ತು ಚಿಲ್ಲರೆ 1,300. ಒಟ್ಟು 22,000. ಉಳಿಯುವುದು 12,000 ಎಂದು ಕಂಡವರು ಹೇಳುತ್ತಾರೆ, ‘ಚೆನ್ನಾಗಿಯೇ ಇದೆಯಲ್ಲ!’ ಎಂದು.

ಸಂಬಳದವರನ್ನು ಮುಳುಗಿಸುವುದು ತಿಂಗಳ ಖರ್ಚಲ್ಲ, ವರ್ಷದ ಖರ್ಚು. ಶಾಲೆಯ ಶುಲ್ಕ 48,000. ಪುಸ್ತಕ, ಸಮವಸ್ತ್ರ 9,000. ಆರೋಗ್ಯ ವಿಮೆ 13,000. ಜೀವ ವಿಮೆಯ ಕಂತು 9,000. ಬಟ್ಟೆ, ಹಬ್ಬ, ಊರಿನ ಪ್ರಯಾಣ 17,000. ಕೂಡಿದರೆ 96,000, ತಿಂಗಳಿಗೆ 8,000. ಇದನ್ನು ಪ್ರತಿ ತಿಂಗಳು ತೆಗೆದಿಡದವರು ಜೂನ್ ಬಂದಾಗ ಸಾಲಕ್ಕೆ ಕೈಚಾಚುತ್ತಾರೆ. ಹಿಂದಿನ ಕಾಲದಲ್ಲಿ ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚಿ ಮೆತ್ತುತ್ತಿದ್ದರು. ಮಳೆಗಾಲದವರೆಗೆ ಅದನ್ನು ತೆರೆಯುತ್ತಿರಲಿಲ್ಲ. ಆಕೆ ಸಂಬಳ ಬಂದ ಮರುದಿನವೇ 8,000 ರೂಪಾಯಿಗಳನ್ನು ಅಂಚೆ ಕಚೇರಿಯ ಖಾತೆಗೆ ಹಾಕುತ್ತಿದ್ದಳು, ಅದರ ಎ.ಟಿ.ಎಂ. ಕಾರ್ಡನ್ನು ಪಡೆಯಲೇ ಇಲ್ಲ. ಉಳಿದ 4,000ದಲ್ಲಿ 3,000 ಅಣ್ಣನ ಸಾಲಕ್ಕೆ. ಕೈಯಲ್ಲಿ ನಿಲ್ಲುತ್ತಿದ್ದುದು 1,000. ಒಂದು ಜ್ವರಕ್ಕೆ, ಒಂದು ಹಲ್ಲುನೋವಿಗೆ ಅದು ಕರಗುತ್ತಿತ್ತು. ತ್ಯಾಗವೆಂದು ಹೊಗಳಿದವರು ಈ ಪುಟವನ್ನು ನೋಡಿರಲಿಲ್ಲ.

ಮಗಳ ಹಣ ಬಂದ ಮೇಲೆ ಶುಲ್ಕ, ಪುಸ್ತಕ, ವಾಹನ ಮೂರೂ ಮಗಳ ಖಾತೆಗೆ ಸರಿದವು. ಮೊದಲ ವರ್ಷ ಬಂದ 1,08,000ದಲ್ಲಿ 75,000 ಅದಕ್ಕೆ ಹೋಯಿತು; 18,000 ಸುಕನ್ಯಾ ಸಮೃದ್ಧಿ ಖಾತೆಗೆ; ಉಳಿದುದು ವೈದ್ಯರಿಗೆ, ಬಟ್ಟೆಗೆ. 2015ರ ಜನವರಿಯಲ್ಲಿ ಆರಂಭವಾದ ಈ ಸುಕನ್ಯಾ ಯೋಜನೆಯಲ್ಲಿ ಹತ್ತು ವರ್ಷ ತುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ತಾಯಿಯೇ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂ., ಗರಿಷ್ಠ 1,50,000 ರೂ.; ಹದಿನೈದು ವರ್ಷ ಕಟ್ಟಿದರೆ ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ಪಕ್ವವಾಗುತ್ತದೆ. ಮಗಳಿಗೆ ಹದಿನೆಂಟು ತುಂಬಿದಾಗ ಅಥವಾ ಹತ್ತನೆಯ ತರಗತಿ ಮುಗಿದಾಗ ಉನ್ನತ ವಿದ್ಯಾಭ್ಯಾಸಕ್ಕಾಗಿ ಅರ್ಧದವರೆಗೆ ತೆಗೆಯಬಹುದು. ಬಡ್ಡಿಯ ದರ ಮೂರು ತಿಂಗಳಿಗೊಮ್ಮೆ ನಿಶ್ಚಯವಾಗುತ್ತದೆ. 2024ರ ಜನವರಿಯಲ್ಲಿ ಅದನ್ನು ಶೇ. 8.2ಕ್ಕೆ ಏರಿಸಲಾಯಿತು. ಹತ್ತನೆಯ ಹುಟ್ಟುಹಬ್ಬ ದಾಟಿದರೆ ಈ ಬಾಗಿಲು ಮುಚ್ಚುತ್ತದೆ ಎಂಬುದನ್ನು ಜಗಳದ ಗದ್ದಲದಲ್ಲಿ ಮರೆಯುವ ಪಾಲಕರು ಇದ್ದಾರೆ. ಆಕೆಯ ಸ್ವಂತ ಲೆಕ್ಕದಲ್ಲಿ ತಿಂಗಳಿಗೆ 6,000ಕ್ಕಿಂತ ಸ್ವಲ್ಪ ಹೆಚ್ಚು ಬಿಡುವಾಯಿತು. ಅದನ್ನು ಮೊದಲು ಆರು ತಿಂಗಳ ಸಂಸಾರದ ಖರ್ಚು ಕೂಡುವವರೆಗೆ ಬೇರೆಡೆಗೆ ಇಡದೆ ಬ್ಯಾಂಕಿನಲ್ಲಿಯೇ ಇರಿಸಬೇಕೆಂದು ನಿಶ್ಚಯಿಸಿದಳು.

ಇಲ್ಲಿ ಪರಿಚಿತರ ಸಲಹೆಗಳು ಆರಂಭವಾದವು. ಸಮಾಜದವರೇ ನಡೆಸುವ ಸಹಕಾರಿ ಸಂಘವೊಂದರಲ್ಲಿ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತಾರೆ, ಅಲ್ಲಿಡು ಎಂದರು. ಸಂಘಗಳಲ್ಲಿ ಒಳ್ಳೆಯವೂ ಇವೆ. ಆದರೆ ಒಂದು ವ್ಯತ್ಯಾಸವನ್ನು ಒಂಟಿ ತಾಯಿ ಮಾತ್ರವಲ್ಲ, ಪ್ರತಿಯೊಬ್ಬ ಶ್ರಾವಕನೂ ತಿಳಿದಿರಬೇಕು: ವಾಣಿಜ್ಯ ಬ್ಯಾಂಕುಗಳ ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ. ವರೆಗೆ ವಿಮೆಯಿದೆ, 2020ರ ಫೆಬ್ರವರಿಯಲ್ಲಿ ಇದನ್ನು 1 ಲಕ್ಷದಿಂದ ಏರಿಸಿದರು. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆಯಿಲ್ಲ. ಹೆಚ್ಚಿನ ಬಡ್ಡಿ ಆ ಇಲ್ಲದಿರುವ ರಕ್ಷಣೆಯ ಬೆಲೆ. ಇನ್ನೊಂದು ಸಂಬಳದ ಆಧಾರವಿಲ್ಲದವರು ಆ ಬೆಲೆಯನ್ನು ಪಡೆಯಲು ಹೋಗಬಾರದು.

ಅಣ್ಣನ ಸಾಲದ ಸಂಗತಿ ಇದಕ್ಕಿಂತ ನಾಜೂಕಾದುದು. ಬೇರೆ ಮನೆ ಮಾಡಿದಾಗ ಮುಂಗಡಕ್ಕೆ, ಪಾತ್ರೆಪಡಗಕ್ಕೆ, ವಕೀಲರಿಗೆ ಎಂದು ಅಣ್ಣ 1,50,000 ರೂ. ಕೊಟ್ಟಿದ್ದ. ಯಾರೂ ಏನೂ ಬರೆದಿರಲಿಲ್ಲ. ತಾಯಿ ಅದನ್ನು ತವರಿನ ಉಡುಗೊರೆಯೆಂದು ತಿಳಿದಿದ್ದರು. ವೈನಿ ಅದನ್ನು ಸಾಲವೆಂದು ತಿಳಿದಿದ್ದಳು. ಅಣ್ಣ ಏನೆಂದು ತಿಳಿದಿದ್ದನೋ ಹೇಳಲಿಲ್ಲ. ಇಂಥ ಹೆಸರಿಲ್ಲದ ಹಣವೇ ಮುಂದೆ ವಿಷವಾಗುವುದು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು; ಹತ್ತು ವರ್ಷ ಕಳೆದು ಪಾಲಿನ ಮಾತು ಬಂದಾಗ ‘ಆಗಲೇ ತೆಗೆದುಕೊಂಡಿದ್ದೀಯಲ್ಲ’ ಎಂಬ ಒಂದು ವಾಕ್ಯ ಸಾಕು. ಆಕೆ ಒಂದು ಹಾಳೆಯಲ್ಲಿ ಸಾಲವೆಂದೇ ಬರೆದು, ತಿಂಗಳಿಗೆ 3,000ದಂತೆ ಐವತ್ತು ತಿಂಗಳು ಎಂದು ಗಡುವು ಹಾಕಿ ಸಹಿ ಮಾಡಿ ಒಯ್ದುಕೊಟ್ಟಳು. “ನಮ್ಮೊಳಗ ಕಾಗದ ಯಾಕ, ತಂಗೀ?” ಎಂದು ಅಣ್ಣ ನೊಂದುಕೊಂಡ. ವೈನಿ ಮಾತ್ರ ಏನೂ ಹೇಳದೆ ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟಳು. ಆ ದಿನದಿಂದ ಆಕೆ ತವರಿಗೆ ಹೋದರೆ ವೈನಿ ಬಡಿಸುವ ಊಟದ ರುಚಿಯೇ ಬೇರೆಯಾಯಿತೆಂದು ಆಕೆ ಗೆಳತಿಯರ ಮುಂದೆ ನಗುತ್ತ ಹೇಳುವುದುಂಟು. ಸಂಬಂಧವಿದ್ದಲ್ಲಿ ಕಾಗದ ಬೇಡವೆನ್ನುವುದು ರೂಢಿ. ಸಂಬಂಧ ಉಳಿಯಬೇಕಾದಲ್ಲಿಯೇ ಕಾಗದ ಬೇಕೆಂಬುದು ಒಡೆದ ಅವಿಭಕ್ತ ಅಂಗಡಿಗಳ ಚರಿತ್ರೆ ತಿಳಿದವರ ಅಭಿಪ್ರಾಯ.

ಒಡವೆಗಳ ವಿಷಯವನ್ನು ಬೇಗ ಮುಗಿಸಬಹುದು. ಸ್ತ್ರೀಧನಕ್ಕೆ ಸ್ತ್ರೀಯೇ ಪೂರ್ಣ ಒಡತಿ. ಗಂಡನ ಮನೆಯವರ ವಶದಲ್ಲಿದ್ದರೆ ಅವರು ಅದರ ನ್ಯಾಸಧಾರಿಗಳಷ್ಟೇ ಎಂಬ ಅರ್ಥದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಕೊಟ್ಟಿದೆ. ಇಲ್ಲಿಯೂ ಅದೇ ನ್ಯಾಸ. ಆಕೆಗೆ ಹಿಂದಿರುಗಿದ್ದು ತೂಕ ಬರೆದ ಪಟ್ಟಿಯಲ್ಲಿದ್ದ ಒಡವೆಗಳು. ಪಟ್ಟಿಯಲ್ಲಿರದ ಎರಡು ಬಳೆಗಳ ಮಾತು ಇನ್ನೂ ಮಾತಾಗಿಯೇ ಇದೆ. ಮದುವೆಯ ದಿನವೇ ಕೊಟ್ಟ ಒಡವೆಗಳ ಪಟ್ಟಿಯನ್ನು ತೂಕಸಹಿತ ಬರೆದು ಎರಡೂ ಕಡೆಯವರು ಸಹಿ ಮಾಡುವುದು ಅಪಶಕುನವೆಂದು ಭಾವಿಸುವವರು, ಬಸದಿಯ ಬೆಳ್ಳಿ ಉಪಕರಣಗಳ ದಾಸ್ತಾನು ಪುಸ್ತಕದಲ್ಲಿ ಪ್ರತಿ ವರ್ಷ ಸಹಿ ಮಾಡುತ್ತಾರೆ.

ಆದರೆ ಹೆಚ್ಚಿನವರ ಗಮನಕ್ಕೆ ಬಾರದ ಅಪಾಯ ಹೆಸರುಗಳಲ್ಲಿದೆ. ಗಂಡನ ಅಂಗಡಿಗೆ ತೆಗೆದ ಸಾಲದಲ್ಲಿ ಆಕೆ ಸಹ-ಸಾಲಗಾರಳಾಗಿ ಸಹಿ ಮಾಡಿದ್ದಳು. ಆಗ ಗಂಡ ತೋರಿಸಿದಲ್ಲಿ ಸಹಿ ಮಾಡಿದ್ದು; ಯಾವ ಕಾಗದವೆಂದು ನೆನಪೂ ಇರಲಿಲ್ಲ. ವಿಚ್ಛೇದನದ ಆದೇಶ ಗಂಡ ಹೆಂಡಿರ ನಡುವಿನದು. ಬ್ಯಾಂಕು ಅದರಲ್ಲಿ ಕಕ್ಷಿದಾರನಲ್ಲ. 1872ರ ಭಾರತೀಯ ಕರಾರು ಅಧಿನಿಯಮದಂತೆ ಒಟ್ಟಾಗಿ ವಚನ ಕೊಟ್ಟವರಲ್ಲಿ ಯಾರಿಂದಲಾದರೂ ಪೂರ್ತಿ ಹಣವನ್ನು ಕೇಳಬಹುದು. ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಸಾಲದ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ವರದಿಯನ್ನು ತರಿಸಿ ನೋಡಿದಾಗಲೇ ಆಕೆಗೆ ಇದು ತಿಳಿದದ್ದು. ಮಗಳ ಹಣದ ಮಧ್ಯಸ್ಥಿಕೆಯಲ್ಲಿಯೇ ಇದನ್ನೂ ಎತ್ತಿ, ಆ ಸಾಲವನ್ನು ಬೇರೆ ಜಾಮೀನಿನ ಮೇಲೆ ಬದಲಾಯಿಸಿ ತನ್ನ ಹೆಸರು ಬಿಟ್ಟಿರುವುದಕ್ಕೆ ಬ್ಯಾಂಕಿನ ಪತ್ರ ಪಡೆದಳು. ವಿಚ್ಛೇದನಕ್ಕೆ ಹೋಗುವವರು ಈ ವರದಿಯನ್ನು ಮೊದಲೇ ತರಿಸಿಕೊಂಡರೆ ಅರ್ಧ ಭಯ ಕಳೆಯುತ್ತದೆ.

ಭವಿಷ್ಯನಿಧಿ, ವಿಮೆ, ಬ್ಯಾಂಕು, ಎಲ್ಲದರಲ್ಲಿಯೂ ನಾಮಿನಿಯಾಗಿ ಗಂಡನ ಹೆಸರೇ ಇತ್ತು. ವಿಚ್ಛೇದನವಾದ ಮಾತ್ರಕ್ಕೆ ಕಚೇರಿಯ ಕಡತದಲ್ಲಿ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಅರ್ಜಿ ಕೊಟ್ಟು ಬದಲಾಯಿಸಬೇಕು. ಮಗಳು ಅಪ್ರಾಪ್ತಳಾದ್ದರಿಂದ ಅವಳ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರ ಹೆಸರನ್ನೂ ಬರೆಯಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ತಾಯಿ ಅಕಾಲದಲ್ಲಿ ತೀರಿಕೊಂಡರೆ ಆಸ್ತಿ ಮಗಳಿಗೆ ಬರುತ್ತದೆ. ಆದರೆ ಅಪ್ರಾಪ್ತ ಮಗಳ ಸಹಜ ಪಾಲಕನೆಂದು ಕಾನೂನು ಮೊದಲು ನೋಡುವುದು ತಂದೆಯನ್ನು. ಮಗಳಿಗೆ ಹದಿನೆಂಟು ತುಂಬುವವರೆಗೆ ತನ್ನ ಗಳಿಕೆಯನ್ನು ಯಾರು ಕಾಯಬೇಕೆಂದು ಆಕೆಗೆ ಇಚ್ಛೆಯಿದ್ದರೆ ಮರಣಶಾಸನ ಬರೆಯಲೇಬೇಕು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರು ಆ ಆಸ್ತಿಯಲ್ಲಿ ಲಾಭವಿಲ್ಲದವರಾದರೆ ಒಳ್ಳೆಯದು. ಮೂವತ್ತೆಂಟರ ವಯಸ್ಸಿಗೆ ಮರಣಶಾಸನವೇ ಎಂದು ತಾಯಿ ಅತ್ತರು. ಆಕೆ ಸೋದರಮಾವನನ್ನು ನಿರ್ವಾಹಕನನ್ನಾಗಿ ಹೆಸರಿಸಿ ಎರಡು ಪುಟದಲ್ಲಿ ಬರೆದು ಮುಗಿಸಿದಳು. ಅವರು ಒಪ್ಪುವ ಮುನ್ನ ಮಗಳ ನೋಟುಪುಸ್ತಕವನ್ನು ತರಿಸಿ ಎರಡು ವರ್ಷದ ಲೆಕ್ಕವನ್ನೂ ಓದಿದರು.

ತಿಂಗಳಿಗೆ 200 ರೂ. ಔಷಧದಾನಕ್ಕೆ ಎಂದು ಆಕೆಯ ಸ್ವಂತ ಪುಸ್ತಕದಲ್ಲಿ ಒಂದು ಸಾಲು ಇದೆ. ಕೈಯಲ್ಲಿ 1,000 ಮಾತ್ರ ಉಳಿಯುತ್ತಿದ್ದ ದಿನಗಳಲ್ಲಿ ಆ ಸಾಲು ಖಾಲಿಯಾಗಿತ್ತು, ಅದಕ್ಕಾಗಿ ಆಕೆ ಸಂಕೋಚಪಟ್ಟದ್ದೂ ಇಲ್ಲ. ಪರಿಗ್ರಹ ಪರಿಮಾಣವೆಂಬುದು ಇರುವುದಕ್ಕೆ ತಾನೇ ಹಾಕಿಕೊಳ್ಳುವ ಮಿತಿ. ಇಲ್ಲದಿರುವುದನ್ನು ವ್ರತವೆಂದು ಕರೆಯುವುದು ಬಡವರಿಗೂ ವ್ರತಕ್ಕೂ ಮಾಡುವ ಅನ್ಯಾಯ. ಈಗ ಮಗಳ ಖರ್ಚು ಮಗಳ ಖಾತೆಯಿಂದ ನಡೆಯುತ್ತಿರುವಾಗ ಆ ಸಾಲು ತುಂಬಿದೆ, ಮತ್ತು ಅದು ಆಕೆಯ ಹಣ.

ಕಡೆಯದಾಗಿ ಟ್ರಸ್ಟುಗಳ ಮಾತು. ಮಗಳ ವಿದ್ಯಾರ್ಥಿವೇತನಕ್ಕಾಗಿ ಆಕೆ ಸಮಾಜದ ಒಂದು ಟ್ರಸ್ಟಿನಿಂದ ಅರ್ಜಿ ತಂದಾಗ ಅದರಲ್ಲಿ ‘ತಂದೆಯ ವಾರ್ಷಿಕ ಆದಾಯ’ ಮತ್ತು ‘ತಂದೆಯ ಸಹಿ’ ಎಂಬ ಎರಡು ಸಾಲುಗಳಿದ್ದವು. ತಾಯಿಗೆ ಜಾಗವಿರಲಿಲ್ಲ; ‘ತಂದೆ ತೀರಿಕೊಂಡಿದ್ದಲ್ಲಿ ಮರಣ ಪ್ರಮಾಣಪತ್ರ ಲಗತ್ತಿಸಿ’ ಎಂದು ಮಾತ್ರ ಅಡಿಯಲ್ಲಿತ್ತು. ಗುಮಾಸ್ತರು ಸಜ್ಜನರು, ಆದರೆ ಯಾವ ಕಾಗದ ಲಗತ್ತಿಸಬೇಕೆಂದು ಅವರಿಗೂ ತೋಚಲಿಲ್ಲ. ಅರ್ಜಿ ಆ ವರ್ಷ ಹಿಂದಕ್ಕೆ ಬಂತು. ಪತಿವಿಯೋಗದ ನಂತರ ಸಂಪತ್ತನ್ನು ತಾನೇ ನಿರ್ವಹಿಸಿ 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಚಿತ್ರ ಅದೇ ಕಚೇರಿಯ ಗೋಡೆಯ ಮೇಲಿತ್ತು.

ಆದಾಯ ತೆರಿಗೆ ಇಲಾಖೆಯೇ 2018ರ ಡಿಸೆಂಬರ್ 5ರಿಂದ, ತಾಯಿ ಒಬ್ಬಳೇ ಪಾಲಕಳಾಗಿರುವಲ್ಲಿ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದು ನಿಯಮ ಮಾಡಿದೆ. ಟ್ರಸ್ಟುಗಳಿಗೆ ಇದು ಕಷ್ಟದ ಕೆಲಸವಲ್ಲ. ಅರ್ಜಿಯಲ್ಲಿ ‘ತಂದೆ ಅಥವಾ ತಾಯಿ’ ಎಂದಿರಲಿ. ಮಗು ಯಾರ ಬಳಿ ಇದೆಯೆಂಬುದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಒಂದು ಸಾಲಿನ ಪತ್ರ ಸಾಕೆನ್ನಲಿ. ಜೀವನಾಂಶ ಬರುತ್ತಿದ್ದರೆ ಅದನ್ನು ಆದಾಯದಲ್ಲಿ ತೋರಿಸಲು ಬೇರೆ ಅಂಕಣವಿರಲಿ, ಆಗ ಯಾರೂ ಮರೆಮಾಚಬೇಕಾಗುವುದಿಲ್ಲ. ವಿದ್ಯಾರ್ಥಿವೇತನದ ನಮೂನೆಗಳು ಬೇಸಿಗೆಯ ರಜೆಯಲ್ಲಿ ಮುದ್ರಣಕ್ಕೆ ಹೋಗುತ್ತವೆ. ಅದಕ್ಕೆ ಮುನ್ನ ನಡೆಯುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮೂರು ತಿದ್ದುಪಡಿಗಳನ್ನು ಮಂಡಿಸಲು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗಲಾರದು.